ಬಿಯರ್ ಪೆಟ್ಟಿಗೆ ನೋಡಿ ನಗುವ ಮುನ್ನ ಸಂತೆಯ ಕೊತ್ತಂಬರಿ ನೋಡಿ

ಅಮೆರಿಕದಲ್ಲಿ ಸಂಬಳಕ್ಕೆ ದುಡಿಯುವ ಸಾಮಾನ್ಯ ಮನುಷ್ಯನೊಬ್ಬ ಡೀಪ್ ಫ್ರೀಜರ್ ಕೊಂಡು ತರುತ್ತಾನೆ. ಅದನ್ನು ಕಾರು ನಿಲ್ಲಿಸುವ ಶೆಡ್ಡಿನಲ್ಲಿಟ್ಟು, ಶನಿವಾರ ಭಾನುವಾರ ಅದರ ಹಿಂದೆ ಬಿದ್ದು, ಒಳಗೆ ಸರಿಯಾಗಿ 4 ಡಿಗ್ರಿ ತಂಪು ನಿಲ್ಲುವಂತೆ ಮಾಡುತ್ತಾನೆ. ಯಾಕಪ್ಪಾ ಅಂದರೆ, ತಾನೇ ಮನೆಯಲ್ಲಿ ಮಾಡಿದ ಬಿಯರ್ ನಲ್ಲಿ ತಿರುಗಿಸಿದರೆ ಲೋಟಕ್ಕೆ ಬೀಳಬೇಕು. ಇಷ್ಟೇ ಅವನ ಆಸೆ.

ನಮ್ಮಲ್ಲಿ ನಸುಕಿನಲ್ಲಿ ಎದ್ದು ಕಿತ್ತ ಕೊತ್ತಂಬರಿ, ಮೆಂತ್ಯ, ಪಾಲಕ್ ಸಂತೆಗೆ ಹೋಗುತ್ತದೆ. ಸಂಜೆ ಆರಕ್ಕೆ ಉಳಿದ ಕಟ್ಟುಗಳನ್ನು ಕೇಳಿದಷ್ಟಕ್ಕೆ ಕೊಟ್ಟು ಬರಬೇಕು, ಇಲ್ಲವೇ ಮನೆಗೆ ತಂದು ಎಮ್ಮೆಗೆ ಹಾಕಬೇಕು. ನಾಳೆಗೆ ಇಡೋಣ ಎಂದರೆ ಬೆಳಗಾಗುವಷ್ಟರಲ್ಲಿ ಸೊಪ್ಪು ಬಾಡಿ ಬಿದ್ದಿರುತ್ತದೆ.

ಈ ಎರಡರಲ್ಲಿ ನಗಬೇಕಾದದ್ದು ಯಾವುದಕ್ಕೆ?

ಆ ಬಿಯರ್ ಪೆಟ್ಟಿಗೆಯ ವಿಡಿಯೊ ಮೊಬೈಲಿಗೆ ಬಂದರೆ ನಮ್ಮವರಿಂದ ಎರಡು ಮಾತು ಬರುತ್ತವೆ. ಒಂದು: "ಕುಡಿಯೋಕೆ ಏನೇನ್ ಮಾಡ್ತಾರೆ ನೋಡ್ರಪ್ಪಾ." ಇನ್ನೊಂದು: "ಇದೇನ್ ಮಹಾ, ಜುಗಾಡ್ ಅಂದ್ರೆ ನಮ್ ಹುಡುಗ್ರದ್ದೇ." ಎರಡೂ ಮಾತು ತಪ್ಪು. ಮೊದಲನೆಯದು ಆ ಪೆಟ್ಟಿಗೆಯಲ್ಲಿ ಬಿಯರನ್ನು ಮಾತ್ರ ನೋಡುತ್ತದೆ. ಎರಡನೆಯದು ಅದರ ಹಿಂದಿನ ಶ್ರಮವನ್ನೇ ನೋಡುವುದಿಲ್ಲ. ನಮಗೆ ಅಲ್ಲಿ ಬೇಕಾದದ್ದು ಬಿಯರ್ ಅಲ್ಲ. ಅಗ್ಗದ ಪೆಟ್ಟಿಗೆಯೊಂದರಲ್ಲಿ ತಂಪನ್ನು ಹೇಳಿದ ಮಾತು ಕೇಳುವಂತೆ ಮಾಡುವ ವಿದ್ಯೆ. ಅದು ಊರಿನ ಕೈಗೆ ಸಿಗುವ ವಿದ್ಯೆ. ಇಲ್ಲಿಯವರೆಗೆ ಯಾಕೆ ಸಿಕ್ಕಿಲ್ಲ ಎನ್ನುವುದೇ ಈ ಬರಹದ ಜಗಳ.

ಪೆಟ್ಟಿಗೆಯಲ್ಲಿ ಏನಿದೆ

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ತಿಳಿಯೋಣ. ಅಲ್ಲಿನವರು ಅದಕ್ಕೆ 'ಕೀಜರ್' ಅನ್ನುತ್ತಾರೆ. ಕೆಗ್ ಎಂದರೆ ಬಿಯರ್ ತುಂಬುವ ಲೋಹದ ಪೀಪಾಯಿ. ಕೆಗ್ ಮತ್ತು ಫ್ರೀಜರ್ ಸೇರಿ ಕೀಜರ್.

ಮೇಲಿನಿಂದ ಮುಚ್ಚಳ ತೆಗೆಯುವ ಫ್ರೀಜರನ್ನೇ ಆರಿಸುವುದಕ್ಕೆ ಕಾರಣವಿದೆ. ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತದೆ. ನಿಂತ ಫ್ರಿಜ್ಜಿನ ಬಾಗಿಲು ತೆಗೆದರೆ ತಂಪು ಕಾಲ ಮೇಲೆ ಸುರಿದು ಹೋಗುತ್ತದೆ. ಪೆಟ್ಟಿಗೆಯ ಮುಚ್ಚಳ ಎತ್ತಿದರೆ ತಂಪು ಬಾವಿಯ ನೀರಿನ ಹಾಗೆ ಒಳಗೇ ಉಳಿಯುತ್ತದೆ.

ಆದರೆ ಫ್ರೀಜರ್ ಮಾಡಿರುವುದು ಹೆಪ್ಪುಗಟ್ಟಿಸಲಿಕ್ಕೆ. ಅದರ ಕೆಲಸ ಮೈನಸ್ 18 ಡಿಗ್ರಿ. ಬಿಯರಿಗೆ ಬೇಕಾದದ್ದು 3ರಿಂದ 5 ಡಿಗ್ರಿ. ಸಾಮಾನ್ಯ ಫ್ರೀಜರಿನ ಗುಂಡಿಯನ್ನು ಎಷ್ಟು ತಿರುಗಿಸಿದರೂ ಅಲ್ಲಿಗೆ ಬರುವುದಿಲ್ಲ. ಆದ್ದರಿಂದ ಹೊರಗಿನಿಂದ ಒಬ್ಬ ಕಾವಲುಗಾರನನ್ನು ನೇಮಿಸುತ್ತಾರೆ. ಅದೇ ಡಿಜಿಟಲ್ ಥರ್ಮೋಸ್ಟಾಟ್. ಫ್ರೀಜರಿನ ಪ್ಲಗ್ಗನ್ನು ಗೋಡೆಗೆ ಸಿಕ್ಕಿಸುವ ಬದಲು ಅದರ ಮೂಲಕ ಸಿಕ್ಕಿಸುತ್ತಾರೆ. ಅದರ ತಂತಿಯ ತುದಿಯ ಸೆನ್ಸರ್ ಪೆಟ್ಟಿಗೆಯೊಳಗೆ ಇರುತ್ತದೆ. 4 ಡಿಗ್ರಿಗೆ ಇಳಿದರೆ ಕರೆಂಟು ಕಟ್, 5 ಆದರೆ ಮತ್ತೆ ಚಾಲೂ. ಎಸ್‌ಟಿಸಿ-1000 ಎಂಬ ಹೆಸರಿನ ಇಂಥ ಚಿಕ್ಕ ಡಬ್ಬಿ ನಮ್ಮಲ್ಲೂ ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗೆ ಇದನ್ನು ಬಳಸಿದವರು ನಿಮ್ಮ ಊರಲ್ಲೇ ಇರಬಹುದು. ಅಲ್ಲಿ ಕಾವು ಕಾಯುತ್ತದೆ, ಇಲ್ಲಿ ತಂಪು ಕಾಯುತ್ತದೆ.

ಕೇಳಲು ಸುಲಭ. ಆದರೆ ಮುಂದಿನ ಒಂದೊಂದು ಹೆಜ್ಜೆಯಲ್ಲೂ ಯಾರೋ ಕೈ ಸುಟ್ಟುಕೊಂಡು ಕಲಿತ ಪಾಠವಿದೆ.

ಸೆನ್ಸರನ್ನು ಗಾಳಿಯಲ್ಲಿ ತೂಗುಬಿಟ್ಟರೆ ಮುಚ್ಚಳ ಎತ್ತಿದಾಗಲೆಲ್ಲ ಅದು ಗಾಬರಿಯಾಗಿ ಮೋಟಾರ್ ಹೊಡೆಯುತ್ತದೆ. ಆದ್ದರಿಂದ ಅದನ್ನು ನೀರಿನ ಬಾಟಲಿಯಲ್ಲಿ ಅದ್ದಿ ಇಡುತ್ತಾರೆ, ಇಲ್ಲವೇ ಪೀಪಾಯಿಗೆ ಅಂಟಿಸುತ್ತಾರೆ. ಕಂಪ್ರೆಸರ್ ನಿಂತ ಕೂಡಲೇ ಮತ್ತೆ ಹೊತ್ತಿಸಿದರೆ ಒಳಗಿನ ಗ್ಯಾಸಿನ ಒತ್ತಡ ಸಮವಾಗಿರುವುದಿಲ್ಲ, ಮೋಟಾರಿಗೆ ಪೆಟ್ಟು. ಹಾಗಾಗಿ ನಾಲ್ಕೈದು ನಿಮಿಷ ಬಿಟ್ಟೇ ಹೊತ್ತಿಕೊಳ್ಳಲಿ ಎಂದು ಥರ್ಮೋಸ್ಟಾಟಿನಲ್ಲಿ ತಡೆ ಇಡುತ್ತಾರೆ. ಕರೆಂಟು ಹೋಗಿ ಬಂದು ಮಾಡುವ ನಮ್ಮ ಊರುಗಳಿಗೆ ಈ ಪಾಠ ಅವರಿಗಿಂತ ಹೆಚ್ಚು ಬೇಕು.

ಬಿಯರ್ ಬರುವ ನಲ್ಲಿ ಎಲ್ಲಿ ಹಾಕುವುದು? ಫ್ರೀಜರಿನ ಗೋಡೆಗೆ ತೂತು ಕೊರೆದರೆ ಕೆಟ್ಟಿತು, ಆ ಗೋಡೆಯೊಳಗೇ ತಂಪಿನ ಗ್ಯಾಸ್ ಓಡುವ ಕೊಳವೆಗಳಿವೆ. ಒಂದು ಡ್ರಿಲ್ ತಪ್ಪಿದರೆ ಇಡೀ ಫ್ರೀಜರ್ ಗುಜರಿಗೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ಚೆಂದ. ಮುಚ್ಚಳದ ತಿರುಗಣಿ ಬಿಚ್ಚಿ, ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಹಲಗೆಯ ಚೌಕಟ್ಟೊಂದನ್ನು ಕೂರಿಸುತ್ತಾರೆ. ತಿರುಗಣಿಯನ್ನು ಆ ಚೌಕಟ್ಟಿಗೆ ಜೋಡಿಸಿ, ನಲ್ಲಿಗಳನ್ನೆಲ್ಲ ಅದೇ ಹಲಗೆಗೆ ಕೊರೆಯುತ್ತಾರೆ. ಫ್ರೀಜರಿಗೆ ಒಂದೇ ಒಂದು ತೂತೂ ಬೀಳುವುದಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಪೆಟ್ಟಿಗೆಯ ತಳ ತಣ್ಣಗೆ, ಮೇಲ್ಭಾಗ ಬೆಚ್ಚಗೆ. ಮೇಲಿನ ಪೈಪಿನಲ್ಲಿ ಬಿಯರ್ ಬೆಚ್ಚಗಾದರೆ ಲೋಟದ ತುಂಬ ನೊರೆ. ಅದಕ್ಕೆ ಹಳೆಯ ಕಂಪ್ಯೂಟರಿನ ಚಿಕ್ಕ ಫ್ಯಾನ್ ಒಂದನ್ನು ಒಳಗಿಟ್ಟು ಗಾಳಿ ತಿರುಗಿಸುತ್ತಾರೆ. ಹೆಪ್ಪುಗಟ್ಟದ ತಂಪಿನಲ್ಲಿ ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಅದಕ್ಕೆ ತೇವ ಹೀರುವ ಹರಳಿನ ಡಬ್ಬಿ ಇಡುತ್ತಾರೆ. ಬಿಯರನ್ನು ಮೇಲಕ್ಕೆ ತಳ್ಳುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಒತ್ತಡವನ್ನು 10ರಿಂದ 12 ಪಿಎಸ್‌ಐಗೆ ಇಟ್ಟು, ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುತ್ತಾರೆ. ಆ ಗ್ಯಾಸ್ ಗಾಳಿಗಿಂತ ಭಾರ. ಮುಚ್ಚಿದ ಕೋಣೆಯಲ್ಲಿ ಸೋರಿದರೆ ಉಸಿರುಗಟ್ಟಿಸುತ್ತದೆ.

ಆ ಪೀಪಾಯಿಯ ಕತೆಯೂ ಕೇಳಿ. ಸುಮಾರು 19 ಲೀಟರಿನ ಆ ಸ್ಟೀಲ್ ಪೀಪಾಯಿಗಳು ಮೊದಲು ಪೆಪ್ಸಿ, ಕೋಕಾಕೋಲಾದಂಥ ಕಂಪನಿಗಳು ಅಂಗಡಿಗಳಿಗೆ ಶರಬತ್ತಿನ ಪಾಕ ಕಳಿಸುತ್ತಿದ್ದ ಪಾತ್ರೆಗಳು. ಕಂಪನಿಗಳು ಪಾಕವನ್ನು ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಲು ಶುರು ಮಾಡಿದ ಮೇಲೆ ಅವು ರಾಶಿ ರಾಶಿ ಗುಜರಿಗೆ ಬಂದವು. ಮನೆಯಲ್ಲಿ ಬಿಯರ್ ಮಾಡುವವರು ಅಗ್ಗಕ್ಕೆ ಕೊಂಡು, ತೊಳೆದು, ರಬ್ಬರ್ ವಾಷರ್ ಬದಲಿಸಿ ಬಳಸಿದರು. ದೊಡ್ಡ ಕಂಪನಿ ಬಿಸಾಡಿದ್ದು ಸಣ್ಣವರ ಬಂಡವಾಳವಾಯಿತು.

"ಕುಡುಕರ ಕೆಲಸ" ಎನ್ನುವವರಿಗೆ

ಮದ್ಯದ ಹೆಸರು ಎತ್ತಿದರೆ ನಮ್ಮ ಊರಿನ ಹೆಂಗಸರಿಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೇಳುತ್ತಾ ಹಳ್ಳಿ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಆ ಪಾದಗಳ ಬೊಬ್ಬೆ ಮರೆತು ಬಿಯರಿನ ಗುಣಗಾನ ಮಾಡುವ ಬರಹ ಇದಲ್ಲ.

ಇನ್ನೊಂದು ಮಾತು ಸ್ಪಷ್ಟವಾಗಿರಲಿ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ. ವಿಡಿಯೊ ನೋಡಿ ಮನೆಯಲ್ಲಿ ಬಿಯರ್ ಮಾಡಲು ಹೊರಟವರು ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂರಬೇಕಾದೀತು. ಅಮೆರಿಕದಲ್ಲೂ ಇದು ಮೊದಲಿನಿಂದ ಇದ್ದ ಹಕ್ಕಲ್ಲ. ಅಲ್ಲಿ 1920ರಿಂದ 1933ರವರೆಗೆ ದೇಶಕ್ಕೆ ದೇಶವೇ ಪಾನನಿಷೇಧದಲ್ಲಿತ್ತು. ನಿಷೇಧ ಎತ್ತಿದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತು, ಬಿಯರ್ ಬಿಟ್ಟುಹೋಯಿತು. 1978ರ ಅಕ್ಟೋಬರಿನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಆ ಬಾಗಿಲು ತೆಗೆಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಮಾರುವಂತಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳಲ್ಲಂತೂ ಮನೆ ಬಿಯರಿಗೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ.

ಅಂದರೆ ಮುಚ್ಚಿಟ್ಟು ಮಾಡುತ್ತಿದ್ದ ಕೆಲಸಕ್ಕೆ ಬೆಳಕು ಬಿತ್ತು. ಬೆಳಕು ಬಿದ್ದ ಮೇಲೆ ಜನ ಲೆಕ್ಕ ಬರೆದಿಟ್ಟರು, ಒಬ್ಬರಿಗೊಬ್ಬರು ಹೇಳಿಕೊಟ್ಟರು. 1970ರ ದಶಕದ ಕೊನೆಯಲ್ಲಿ ಆ ದೊಡ್ಡ ದೇಶದಲ್ಲಿ ಬಿಯರ್ ಕಾರ್ಖಾನೆಗಳು ನೂರಕ್ಕೂ ಕಡಿಮೆ ಇದ್ದವು. ಈಗ ಒಂಬತ್ತು ಸಾವಿರ ದಾಟಿವೆ. ಆರಂಭದವರಲ್ಲಿ ಒಬ್ಬ ಕ್ಯಾಲಿಫೋರ್ನಿಯಾದ ಕೆನ್ ಗ್ರಾಸ್‌ಮನ್. ಮನೆಯಲ್ಲಿ ಬಿಯರ್ ಮಾಡುತ್ತಿದ್ದವನು 1979ರಲ್ಲಿ ಜೊತೆಗಾರನೊಬ್ಬನೊಂದಿಗೆ ಸಿಯೆರಾ ನೆವಾಡಾ ಎಂಬ ಕಾರ್ಖಾನೆ ಕಟ್ಟಲು ಹೊರಟಾಗ ಹೊಸ ಯಂತ್ರಕ್ಕೆ ದುಡ್ಡಿರಲಿಲ್ಲ. ಹಾಲಿನ ಡೇರಿಗಳು ತೆಗೆದುಹಾಕಿದ ಹಳೆಯ ಟ್ಯಾಂಕುಗಳನ್ನು ತಂದು ಕೆಲಸ ಶುರು ಮಾಡಿದ. ಈಗ ಅದು ಆ ದೇಶದ ದೊಡ್ಡ ಕಂಪನಿಗಳಲ್ಲಿ ಒಂದು.

ಹಾಲಿನ ಪಾತ್ರೆಗೆ ಬಿಯರ್ ಬಂತು. ಅದಕ್ಕಿಂತ ಮೊದಲು ಬಿಯರಿನಿಂದ ಹಾಲಿಗೂ ಬಂದಿದೆ. 1870ರ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ತಂಪು ಮಾಡುವ ಯಂತ್ರ ಕಟ್ಟಿದಾಗ ಅದಕ್ಕೆ ಜಾಗ ಮತ್ತು ದುಡ್ಡು ಕೊಟ್ಟದ್ದು ಮ್ಯೂನಿಕ್ಕಿನ ಬಿಯರ್ ಕಾರ್ಖಾನೆ. ಬೇಸಿಗೆಯಲ್ಲೂ ಬಿಯರ್ ಕೆಡದಂತೆ ಮಾಡಬೇಕಿತ್ತು. ಕೆರೆಯ ಮಂಜುಗಡ್ಡೆ ಕಡಿದು ತಂದು ಸಾಕಾಗಿತ್ತು. ಆಮೇಲೆ ಆ ವಿದ್ಯೆ ಮಾಂಸಕ್ಕೆ, ಹಾಲಿಗೆ, ಔಷಧಿಗೆ ಹೋಯಿತು. ನಿಮ್ಮ ಹಾಲಿನ ಪ್ಯಾಕೆಟ್ ಮೇಲಿರುವ 'ಪಾಶ್ಚರೀಕರಿಸಿದ' ಎಂಬ ಪದವನ್ನೇ ನೋಡಿ. ಲೂಯಿ ಪಾಶ್ಚರ್ ಆ ಉಪಾಯ ಮಾಡಿದ್ದು ವೈನ್ ಕೆಡದಿರಲಿ ಎಂದು. ಅದು ಹಾಲಿಗೆ ಬಂದದ್ದು ಆಮೇಲೆ.

ಮಗುವಿನ ಹಾಲು ಕುಡಿಯುವಾಗ ನಾವು ಇದು ಕುಡುಕರ ವಿದ್ಯೆ ಎಂದು ಚೆಲ್ಲುವುದಿಲ್ಲ. ಹಾಗಿದ್ದ ಮೇಲೆ ಸೊಪ್ಪಿನ ವಿಷಯದಲ್ಲಿ ಈ ಮಡಿ ಯಾಕೆ?

"ಜುಗಾಡ್" ಎಂದು ಬೆನ್ನು ತಟ್ಟುವವರಿಗೆ

ಈ ಎರಡನೆಯ ಮಾತು ಹೆಚ್ಚು ಅಪಾಯದ್ದು. ಕೇಳಲು ಹೊಗಳಿಕೆಯ ಹಾಗಿರುತ್ತದೆ.

ಪತ್ರಿಕೆ, ಟಿವಿ, ಯೂಟ್ಯೂಬ್ ಎಲ್ಲ ಕಡೆ ಒಂದು ಸಿದ್ಧ ಅಚ್ಚು ಇದೆ. 'ಹಳ್ಳಿ ಹೈದನ ಅದ್ಭುತ ಆವಿಷ್ಕಾರ', 'ಎಸ್ಸೆಸ್ಸೆಲ್ಸಿ ಫೇಲಾದವನ ಸಾಧನೆ.' ಒಂದು ಫೋಟೊ, ಪಕ್ಕದಲ್ಲಿ ಯಂತ್ರ, ಹಿಂದೆ ಅಪ್ಪ ಅಮ್ಮ. ಬರಹದ ತುಂಬ ಕಣ್ಣೀರು, ಚಪ್ಪಾಳೆ. ಆದರೆ ಆ ಯಂತ್ರ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆ? ಎಷ್ಟು ಖರ್ಚಾಯಿತು? ಆರು ತಿಂಗಳ ಮೇಲೂ ಓಡುತ್ತಿದೆಯೇ? ಮೊದಲ ಸಲ ಯಾಕೆ ಕೆಟ್ಟಿತು? ಒಂದು ಅಂಕಿಯೂ ಇರುವುದಿಲ್ಲ. ಓದಿದ ಇನ್ನೊಬ್ಬ ರೈತ ಅದನ್ನು ನೋಡಿ ಮಾಡಲು ಬರುವುದಿಲ್ಲ. ಹೊಗಳಿಕೆ ಸಿಕ್ಕಿತು, ವಿದ್ಯೆ ಹಂಚಿಕೆಯಾಗಲಿಲ್ಲ. ಮುಂದಿನ ವರ್ಷ ಇನ್ನೊಂದು ತಾಲ್ಲೂಕಿನಲ್ಲಿ ಇನ್ನೊಬ್ಬ ಹುಡುಗ ಅದೇ ತಪ್ಪಿನಿಂದ ಶುರು ಮಾಡುತ್ತಾನೆ.

ಕೀಜರ್ ಮಾಡುವವರು ನಮ್ಮ ಎಲೆಕ್ಟ್ರಿಷಿಯನ್‌ಗಳಿಗಿಂತ ಜಾಣರಲ್ಲ. ಬೋರ್‌ವೆಲ್ ಮೋಟಾರ್ ಕೆಟ್ಟರೆ ರಾತ್ರಿಯಲ್ಲಿ ಟಾರ್ಚ್ ಹಿಡಿದು ಸರಿಮಾಡುವ ನಮ್ಮ ಹುಡುಗರಿಗೆ ಥರ್ಮೋಸ್ಟಾಟ್ ಜೋಡಿಸುವುದು ಅರ್ಧ ಗಂಟೆಯ ಕೆಲಸ. ವ್ಯತ್ಯಾಸ ಬೇರೆಡೆ ಇದೆ. ಅವರು ಅಳೆಯುತ್ತಾರೆ, ಬರೆದಿಡುತ್ತಾರೆ, ಕೆಟ್ಟದ್ದನ್ನೂ ಬರೆಯುತ್ತಾರೆ. ಫ್ರೀಜರ್ ಕೊಳ್ಳುವ ಮೊದಲೇ ರಟ್ಟಿನಲ್ಲಿ ಪೀಪಾಯಿ ಗಾತ್ರದ ವೃತ್ತ ಕತ್ತರಿಸಿ ಅಂಗಡಿಗೆ ಒಯ್ದು, ಎಷ್ಟು ಹಿಡಿಯುತ್ತವೆ ಎಂದು ಒಳಗಿಟ್ಟು ನೋಡುವವರಿದ್ದಾರೆ. ಹಲಗೆಯ ಚೌಕಟ್ಟು, ನೀರಿನ ಬಾಟಲಿ, ಫ್ಯಾನ್ ಇವೆಲ್ಲ ಒಬ್ಬ ಮಹಾ ಬುದ್ಧಿವಂತನ ತಲೆಯಿಂದ ಬಂದದ್ದಲ್ಲ. ಒಬ್ಬ ಕೆಡಿಸಿದ್ದನ್ನು ಓದಿ ಇನ್ನೊಬ್ಬ ತಿದ್ದಿದ ಫಲ.

ಬಿಯರಿಗೆ ಇಷ್ಟು ಶ್ರದ್ಧೆ. ಅನ್ನಕ್ಕೆ ನಮ್ಮಲ್ಲಿ ಚಪ್ಪಾಳೆ. ಇದನ್ನು ಹೇಳಲು ನಾಚಿಕೆಯಾಗಬೇಕು.

ತಂಪು ಊರಿಗೆ ಹೊಸದಲ್ಲ

"ಹಳ್ಳಿಯಲ್ಲಿ ಇದೆಲ್ಲ ಆಗಲ್ಲ ಸಾರ್" ಎನ್ನುವ ಅಧಿಕಾರಿಗಳಿಗೆ ಒಂದು ಪ್ರಶ್ನೆ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲೆಯಲ್ಲಿ ಇರುವುದೇನು?

ಮಕ್ಕಳ ಲಸಿಕೆ ಇಡುವ ಐಎಲ್‌ಆರ್ ಎಂಬ ಪೆಟ್ಟಿಗೆ. ಅದೂ ಮೇಲಿನಿಂದಲೇ ಮುಚ್ಚಳ ತೆಗೆಯುವಂಥದ್ದು, ಕಾರಣವೂ ಅದೇ, ತಂಪು ಚೆಲ್ಲಬಾರದು. ಒಳಗೆ 2ರಿಂದ 8 ಡಿಗ್ರಿ. ಕರೆಂಟು ಹೋದರೂ ತಂಪು ಹಿಡಿದಿಡಲು ಗೋಡೆಯ ಸುತ್ತ ಮಂಜುಗಡ್ಡೆಯ ಪದರ. ದಿನಕ್ಕೆರಡು ಸಲ ಸಿಬ್ಬಂದಿ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯಬೇಕು. ಹಾಲಿನ ಡೇರಿಗೆ ಹೋಗಿ. ಬಲ್ಕ್ ಕೂಲರ್ ಇರುವ ಸಂಘಗಳಲ್ಲಿ ಬೆಳಿಗ್ಗೆ ಕರೆದ ಬೆಚ್ಚನೆ ಹಾಲು 4 ಡಿಗ್ರಿಗೆ ಇಳಿದು ಲಾರಿ ಕಾಯುತ್ತದೆ.

ಅಂದರೆ ನಮ್ಮ ಊರು ತಂಪನ್ನು ಅಳೆಯಬಲ್ಲದು, ಬರೆದಿಡಬಲ್ಲದು, ಕಾಯಬಲ್ಲದು. ಲಸಿಕೆಗೆ ಇದು ಸಾಧ್ಯವಾಗಿದ್ದು ಸರ್ಕಾರ ಬೇಕು ಎಂದದ್ದಕ್ಕೆ. ಹಾಲಿಗೆ ಸಾಧ್ಯವಾಗಿದ್ದು ಸಂಘ ಕಟ್ಟಿದ್ದಕ್ಕೆ. ಸೊಪ್ಪು ಮಾರುವ ಹೆಂಗಸಿನ ಪರವಾಗಿ ಬೇಕು ಎಂದವರು ಯಾರು?

ತೋಟಗಾರಿಕೆ ಯೋಜನೆಗಳ ಭಾಷೆಯೇ ಬೇರೆ. ಅಲ್ಲಿ ಹೆಚ್ಚಿನದು ಟನ್ ಲೆಕ್ಕ. ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಸಹಾಯಧನ ಸಿಗುತ್ತಿದ್ದ ಕೋಲ್ಡ್ ರೂಮಿನ ಅಳತೆ 30 ಟನ್. ಕೋಲ್ಡ್ ಸ್ಟೋರೇಜ್ ಆದರೆ 5,000 ಟನ್‌ವರೆಗೆ. ದೇಶದ ಶೀತಲಗೃಹಗಳ ದೊಡ್ಡ ಪಾಲು ತುಂಬಿರುವುದು ಆಲೂಗಡ್ಡೆಯಿಂದ. ದೊಡ್ಡದು ಬೇಡ ಎಂದು ಇಲ್ಲಿ ಹೇಳುತ್ತಿಲ್ಲ. ದ್ರಾಕ್ಷಿ ಬೆಳೆಗಾರರಿಗೆ, ಆಲೂಗಡ್ಡೆಯವರಿಗೆ ಅದು ಬೇಕು. ಆದರೆ ತಲೆಯ ಮೇಲೆ ಒಂದು ಬುಟ್ಟಿ ಹೊತ್ತು ಬರುವವಳಿಗೆ 30 ಟನ್ನಿನ ಕೋಣೆ ಹುಣ್ಣಿಮೆಯ ಚಂದ್ರನ ಹಾಗೆ. ಕಾಣುತ್ತದೆ, ಕೈಗೆ ಸಿಗುವುದಿಲ್ಲ.

ನಡುವಿನ ದಾರಿಯೂ ಇದೆ. ನ್ಯೂಯಾರ್ಕ್ ರಾಜ್ಯದಲ್ಲಿ ಸಾವಯವ ತರಕಾರಿ ಬೆಳೆಯುತ್ತಿದ್ದ ರಾನ್ ಖೋಸ್ಲಾ ಎಂಬ ರೈತ 'ಕೂಲ್‌ಬಾಟ್' ಎಂಬ ಚಿಕ್ಕ ಡಬ್ಬಿ ಮಾಡಿದ. ಕಿಟಕಿಗೆ ಹಾಕುವ ಮಾಮೂಲಿ ಏಸಿ 16 ಡಿಗ್ರಿಗಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಈ ಡಬ್ಬಿ ಏಸಿಯ ಸೆನ್ಸರನ್ನು ತುಸು ಬೆಚ್ಚಗೆ ಮಾಡಿ "ಇನ್ನೂ ಸೆಖೆ ಇದೆ" ಎಂದು ನಂಬಿಸುತ್ತದೆ. ಏಸಿ ದುಡಿಯುತ್ತಲೇ ಇರುತ್ತದೆ, ಕೋಣೆ ಕೋಲ್ಡ್ ರೂಮ್ ಆಗುತ್ತದೆ. ಬಿಯರ್ ಪೆಟ್ಟಿಗೆಯವನು ಫ್ರೀಜರನ್ನು ಮೇಲಕ್ಕೆ ತಂದ, ಇವನು ಏಸಿಯನ್ನು ಕೆಳಕ್ಕೆ ಇಳಿಸಿದ. ಇಬ್ಬರೂ ಕಂಪನಿ ಇಟ್ಟ ಗುಂಡಿಯ ಮಾತನ್ನೇ ಕೊನೆಯ ಮಾತು ಎಂದು ಒಪ್ಪಲಿಲ್ಲ.

ಸೊಪ್ಪಿಗೆ ಆ ಪೆಟ್ಟಿಗೆ ಹೊಂದುತ್ತದೆಯೇ

ಹೊಂದುತ್ತದೆ, ಆದರೆ ಕಣ್ಣು ಮುಚ್ಚಿ ನಕಲು ಮಾಡಿದರೆ ಹೊಂದುವುದಿಲ್ಲ. ಬಿಯರ್ ಸ್ಟೀಲಿನೊಳಗೆ ಕೂತಿರುತ್ತದೆ, ಸೊಪ್ಪು ಉಸಿರಾಡುತ್ತದೆ.

ಬಿಯರಿನವನು ತೇವ ಓಡಿಸುತ್ತಾನೆ. ಸೊಪ್ಪಿಗೆ ತೇವ ಬೇಕು. ಒದ್ದೆ ಬಟ್ಟೆಯಲ್ಲಿ ಸುತ್ತಿ ಅಥವಾ ತೂತಿರುವ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಕ್ರೇಟಿನಲ್ಲಿ ಜೋಡಿಸಬೇಕು. ಮೋಟಾರ್ ಓಡುವಾಗ ಫ್ರೀಜರಿನ ಗೋಡೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಪೀಪಾಯಿಗೆ ಅದರಿಂದ ಏನೂ ಆಗದು, ಗೋಡೆ ತಾಗಿದ ಸೊಪ್ಪು ಮಾತ್ರ ಬೆಂದ ಹಾಗೆ ಕಪ್ಪಾಗುತ್ತದೆ. ಗೋಡೆಗೂ ಕ್ರೇಟಿಗೂ ನಾಲ್ಕು ಬೆರಳು ಜಾಗ ಬಿಡಬೇಕು, ಚಿಕ್ಕ ಫ್ಯಾನ್ ಬೇಕೇ ಬೇಕು.

ಎಲ್ಲ ಬೆಳೆಯೂ 4 ಡಿಗ್ರಿಗೆ ಒಗ್ಗುವುದಿಲ್ಲ. ಕೊತ್ತಂಬರಿ, ಮೆಂತ್ಯ, ಪಾಲಕ್, ಕ್ಯಾರೆಟ್, ಅಣಬೆ ಆ ತಂಪಿನಲ್ಲಿ ಚೆನ್ನಾಗಿರುತ್ತವೆ. ಟೊಮೆಟೊ, ಬದನೆ, ಬಾಳೆ, ಮಾವು ಅಷ್ಟು ತಂಪಿನಲ್ಲಿ ಕೆಡುತ್ತವೆ. ಅವಕ್ಕೆ 10ರಿಂದ 13 ಡಿಗ್ರಿ ಬೇಕು. ಹಣ್ಣಾಗುತ್ತಿರುವ ಬಾಳೆ, ಮಾವನ್ನು ಸೊಪ್ಪಿನ ಜೊತೆ ಇಡಬೇಡಿ. ಅವು ಬಿಡುವ ಗಾಳಿಗೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಇನ್ನು ಲೆಕ್ಕ. 30 ಡಿಗ್ರಿ ಬಿಸಿ ಇರುವ 50 ಕೆಜಿ ತರಕಾರಿಯನ್ನು 5 ಡಿಗ್ರಿಗೆ ಇಳಿಸಲು ತೆಗೆಯಬೇಕಾದ ಶಾಖ ಸುಮಾರು 5,000 ಕಿಲೊಜೌಲ್, ಅಂದರೆ ಹೆಚ್ಚು ಕಡಿಮೆ ಒಂದೂವರೆ ಯೂನಿಟ್. 200 ವ್ಯಾಟ್ ಲೆಕ್ಕದಲ್ಲಿ ಶಾಖ ಎಳೆಯುವ ಸಣ್ಣ ಫ್ರೀಜರಿಗೆ ಇದು ಏಳು ಗಂಟೆಯ ದುಡಿಮೆ. ಅಂದರೆ ಮಧ್ಯಾಹ್ನದ ಬಿಸಿಲಲ್ಲಿ ಕಿತ್ತು ಸೀದಾ ತುರುಕಬಾರದು. ನಸುಕಿನಲ್ಲಿ ಕೀಳಿ, ನೆರಳಲ್ಲಿ ನೀರು ಚಿಮುಕಿಸಿ ಬಿಸಿ ಇಳಿಸಿ, ಆಮೇಲೆ ಇಡಿ. ಖಾಲಿ ಜಾಗಕ್ಕೆ ನೀರು ತುಂಬಿದ ಬಾಟಲಿ ಇಡಿ, ಕರೆಂಟು ಹೋದಾಗ ಅವು ತಂಪು ಕಾಯುತ್ತವೆ. ಒಂದು ಸಮಾಧಾನವೂ ಇದೆ. ಹೊರಗೆ 30 ಡಿಗ್ರಿ ಇದ್ದಾಗ ಮೈನಸ್ 18ಕ್ಕೆ ಇಡಲು 48 ಡಿಗ್ರಿ ಅಂತರ ಕಾಯಬೇಕು, 4ಕ್ಕೆ ಇಡಲು 26 ಸಾಕು. ಗೋಡೆಯ ಮೂಲಕ ಒಳನುಗ್ಗುವ ಶಾಖ ಅರ್ಧಕ್ಕೆ ಹತ್ತಿರ ಇಳಿಯುತ್ತದೆ, ಕರೆಂಟಿನ ಖರ್ಚೂ ಇಳಿಯುತ್ತದೆ.

ಮಾಡಬಾರದ್ದು ಕೂಡ ಕೇಳಿ. ಐಸ್‌ಕ್ರೀಂ ಕಂಪನಿ ಅಂಗಡಿಗೆ ಕೊಟ್ಟ ಫ್ರೀಜರ್ ಅಂಗಡಿಯವರದ್ದಲ್ಲ, ಅದನ್ನು ಮುಟ್ಟಬೇಡಿ. ಈಗಿನ ಬಹಳಷ್ಟು ಫ್ರೀಜರುಗಳಲ್ಲಿ ಇರುವ ಆರ್-600ಎ ಗ್ಯಾಸ್ ಬೆಂಕಿ ಹಿಡಿಯುವಂಥದ್ದು, ಗೋಡೆಗೆ ಮೊಳೆಯನ್ನೂ ಹೊಡೆಯಬೇಡಿ. ಥರ್ಮೋಸ್ಟಾಟಿನ ವೈರಿಂಗ್ ಬಲ್ಲವರಿಂದಲೇ ಮಾಡಿಸಿ, ಅರ್ತಿಂಗ್ ಇಲ್ಲದ ಪ್ಲಗ್ಗಿಗೆ ಹಾಕಬೇಡಿ. ಮಕ್ಕಳದ್ದಾಗಲಿ ದನದ್ದಾಗಲಿ, ಲಸಿಕೆ ಔಷಧಿಗಳನ್ನು ಇಂಥ ಪೆಟ್ಟಿಗೆಯಲ್ಲಿ ಇಡಲೇಬೇಡಿ. ಆಡುವ ಮಕ್ಕಳು ಒಳಗಿಳಿಯದಂತೆ ಮುಚ್ಚಳಕ್ಕೆ ಬೀಗ ಇರಲಿ.

ಫ್ರೀಜರ್ ಕೊಳ್ಳಲು ಆಗದವರಿಗೂ ದಾರಿ ಇದೆ. ದೆಹಲಿಯ ಪೂಸಾ ಸಂಸ್ಥೆ 1980ರ ದಶಕದಲ್ಲೇ ಇಟ್ಟಿಗೆ, ಮರಳು, ನೀರಿನಿಂದ ತಂಪು ಮಾಡುವ ಕೋಣೆ ರೂಪಿಸಿತು. ಎರಡು ಸಾಲು ಇಟ್ಟಿಗೆ, ನಡುವೆ ಒದ್ದೆ ಮರಳು, ಕರೆಂಟೇ ಬೇಡ. ಒಣ ಹವೆಯ ಬಯಲುಸೀಮೆಯಲ್ಲಿ ಬೇಸಿಗೆಗೆ ಹೊರಗಿಗಿಂತ ಹತ್ತು ಡಿಗ್ರಿಗೂ ಹೆಚ್ಚು ತಂಪು ಕೊಡುತ್ತದೆ. ಟೊಮೆಟೊಗೆ ಫ್ರೀಜರಿಗಿಂತ ಇದೇ ವಾಸಿ. ನಲವತ್ತು ವರ್ಷ ಹಳೆಯ ವಿದ್ಯೆ ಇದು. ನಿಮ್ಮ ಊರಲ್ಲಿ ಎಷ್ಟಿವೆ, ಎಣಿಸಿ ನೋಡಿ.

ಒಂದು ರಾತ್ರಿಯ ಬೆಲೆ

ಯಾರಾದರೂ ಕೇಳಬಹುದು, ನಾಲ್ಕು ಬುಟ್ಟಿ ಸೊಪ್ಪಿಗೆ ಇಷ್ಟೆಲ್ಲ ಯಾಕೆ ಎಂದು. ಕೋಲಾರದಲ್ಲಿ ಟೊಮೆಟೊ ರಸ್ತೆಗೆ ಸುರಿಯುವಾಗ ಈ ಪೆಟ್ಟಿಗೆ ಏನು ಮಾಡೀತು ಎಂದು. ಲಾರಿಗಟ್ಟಲೆ ಟೊಮೆಟೊಗೆ ಈ ಪೆಟ್ಟಿಗೆ ಉತ್ತರವಲ್ಲ. ಆ ಸಮಸ್ಯೆಗೆ ಬೆಲೆ, ಮಾರುಕಟ್ಟೆ, ಸಂಸ್ಕರಣೆ ಎಲ್ಲ ಬೇಕು.

ಆದರೆ ಸಂತೆಯಲ್ಲಿ ಕೂತವಳ ಸೋಲು ಎಲ್ಲಿದೆ ನೋಡಿ. ಅವಳ ಸೊಪ್ಪು ನಾಳೆಗೆ ಇರುವುದಿಲ್ಲ ಎಂಬುದು ಕೊಳ್ಳುವವನಿಗೆ ಗೊತ್ತು. ಸೂರ್ಯ ಇಳಿದಂತೆ ಅವನ ಬೆಲೆಯೂ ಇಳಿಯುತ್ತದೆ. "ಇಷ್ಟಕ್ಕೆ ಕೊಡೋದಾದ್ರೆ ಕೊಡಮ್ಮ, ಇಲ್ಲಾಂದ್ರೆ ಎತ್ಕೊಂಡು ಹೋಗು" ಎನ್ನುವ ಧೈರ್ಯ ಅವನಿಗೆ ಬರುವುದು ಅಲ್ಲಿಂದ. ಅವಳ ಬಳಿ ಒಂದೇ ಒಂದು ರಾತ್ರಿ ಸೊಪ್ಪು ಕಾಯುವ ಪೆಟ್ಟಿಗೆ ಇದ್ದರೆ ಮಾತು ತಿರುಗುತ್ತದೆ. "ಬೇಡ ಬಿಡಣ್ಣ, ನಾಳೆ ಮಾರ್ಕೋತೀನಿ" ಎಂದು ಬುಟ್ಟಿ ಎತ್ತಬಹುದು. ಬೇಡ ಎನ್ನುವ ಶಕ್ತಿಯೇ ವ್ಯಾಪಾರದಲ್ಲಿ ಬಂಡವಾಳ. ದಲ್ಲಾಳಿಗೆ ಅದಿದೆ, ದೊಡ್ಡ ರೈತನಿಗೆ ಅದಿದೆ. ಅವಳಿಗೆ ಮಾತ್ರ ಇಲ್ಲ.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಕೃಷಿ ವಿಜ್ಞಾನ ಕೇಂದ್ರಗಳು ಒಂದೊಂದು ಪೆಟ್ಟಿಗೆಯನ್ನು ಒಂದು ಬೇಸಿಗೆ, ಒಂದು ಮಳೆಗಾಲ ಓಡಿಸಿ ನೋಡಲಿ. ಯಾವ ಬೆಳೆ, ಎಷ್ಟು ಡಿಗ್ರಿ, ಎಷ್ಟು ದಿನ, ಎಷ್ಟು ಯೂನಿಟ್ ಎಂದು ಕನ್ನಡದಲ್ಲಿ ಬರೆದು ಪಂಚಾಯಿತಿಯ ಅರಿವು ಕೇಂದ್ರದ ಗೋಡೆಗೆ ಅಂಟಿಸಲಿ. ಐಟಿಐ ಹುಡುಗರಿಗೆ ಇದನ್ನು ಪರೀಕ್ಷೆಯ ಪ್ರಾಜೆಕ್ಟ್ ಆಗಿ ಕೊಡಲಿ. ಸಂಜೀವಿನಿ ಸಂಘಗಳಿಗೆ ಹೊಲಿಗೆ ಯಂತ್ರದ ಸಾಲದ ಜೊತೆ ಹತ್ತು ಹೆಂಗಸರು ಹಂಚಿಕೊಳ್ಳುವ ಒಂದು ತಂಪು ಪೆಟ್ಟಿಗೆಗೂ ಸಾಲ ಸಿಗಲಿ. ಸಹಾಯಧನದ ಪಟ್ಟಿಯಲ್ಲಿ ಇಂಥ ಚಿಕ್ಕ ಪೆಟ್ಟಿಗೆಗೂ ಒಂದು ಸಾಲು ಸೇರಲಿ.

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ನಿಮ್ಮಲ್ಲಿ ಯಾರಾದರೂ ಈಗಾಗಲೇ ಹಳೆಯ ಫ್ರೀಜರಿನಲ್ಲಿ ಹೂವು, ಸೊಪ್ಪು, ಅಣಬೆ ಇಟ್ಟು ನೋಡಿದ್ದರೆ ಬರೆದು ಕಳಿಸಿ. ಫೋಟೊ ಬೇಡ, ಹಾರ ತುರಾಯಿ ಬೇಡ. ಹೊರಗಿನ ಬಿಸಿ ಎಷ್ಟಿತ್ತು, ಒಳಗೆ ಎಷ್ಟಿಟ್ಟಿರಿ, ಎಷ್ಟು ದಿನ ಬಾಳಿತು, ಎಲ್ಲಿ ಕೆಟ್ಟಿತು, ಇಷ್ಟು ಸಾಕು. ಕೆಟ್ಟದ್ದನ್ನು ಮೊದಲು ಬರೆಯಿರಿ. ಇನ್ನೊಂದು ಊರಿನವರು ಅಲ್ಲಿಂದ ಮುಂದೆ ಶುರು ಮಾಡಲಿ.